ವಿದೇಶದಲ್ಲಿ ವ್ಯಾಸಂಗ ಮತ್ತು ಅರೆಕಾಲಿಕ ದುಡಿಮೆ

ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ಮನೆಯನ್ನು ಅಡವಿಟ್ಟು ಮಕ್ಕಳನ್ನು ವಿದೇಶಕ್ಕೆ ಕಳುಹಿಸುವ ಅನೇಕ ತಂದೆತಾಯಿಗಳು, ಅವರು ಅಲ್ಲಿ ದುಡಿದು ಸಾಲ ತೀರಿಸುವರೆಂದು ನಂಬಿರುತ್ತಾರೆ. ಈ ಲೆಕ್ಕಾಚಾರ ಅಪಾಯಕರ. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳು ಪಾಠಾವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಕೆನಡಾದಲ್ಲಿ 2024ರ ನವೆಂಬರಿನಿಂದ ವಿದ್ಯಾಸಂಸ್ಥೆಯ ಆವರಣದ ಹೊರಗೆ 24 ಗಂಟೆ. ಈ ಮಿತಿ ಮೀರಿದವರು ವೀಸಾವನ್ನೇ ಕಳೆದುಕೊಳ್ಳಬಹುದು. ಅಮೆರಿಕದಲ್ಲಿ ವ್ಯಾಸಂಗದ ಅಂಗವಾದ ಇಂಟರ್ನ್‌ಶಿಪ್‌ಗೂ ವಿಶ್ವವಿದ್ಯಾಲಯದ ಪೂರ್ವಾನುಮತಿ ಅಗತ್ಯ. ಆದುದರಿಂದ ಕೆಲಸವನ್ನು ಮೊದಲು ವಿಶ್ವವಿದ್ಯಾಲಯದ ಉದ್ಯೋಗ ಮಾರ್ಗದರ್ಶನ ಕೇಂದ್ರದ ಮೂಲಕವೇ ಅರಸುವುದು ಕ್ಷೇಮ.

ವಿದೇಶದಲ್ಲಿ ಉದ್ಯೋಗ ಕೊಡಿಸುವೆನೆಂದು ಮಧ್ಯವರ್ತಿ ಹಣ ಕೇಳಿದರೆ, ಈ ಎರಡೂ ನಗರಗಳಲ್ಲಿರುವ ಕೇಂದ್ರ ಸರ್ಕಾರದ ವಲಸಿಗರ ರಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಆತನು ನೋಂದಾಯಿತನೇ ಎಂದು ವಿಚಾರಿಸಿರಿ.

ಅರೆಕಾಲಿಕ ಸಂಪಾದನೆ ಕೈಖರ್ಚಿಗೆ ನೆರವಾದೀತು; ಶುಲ್ಕಕ್ಕೆ ಆಧಾರವಾಗದು.