ಒಂದು ತಿಂಗಳು: ಅರ್ಧ ಗಂಟೆ ಯೋಗ, ಐದು ವಚನ

(ಕುಂಚಾವರಂನ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಶ್ರಾವಣ ಬಂತೆಂದರೆ ನಮ್ಮ ಮಠಗಳಲ್ಲಿ ತಿಂಗಳ ಪರ್ಯಂತ ಪ್ರವಚನ ನಡೆಯುತ್ತದೆ. ಹೋಗಿ ಕೇಳುತ್ತೇವೆ, ಪ್ರಸಾದ ಸ್ವೀಕರಿಸುತ್ತೇವೆ, ಮನೆಗೆ ಬರುತ್ತೇವೆ. ಕೇಳಿದ್ದು ಕಿವಿಯಲ್ಲಿ ಉಳಿಯುತ್ತದೆ. ನಮ್ಮ ದಿನಚರಿ ಮಾತ್ರ ಮೊದಲಿನಂತೆಯೇ ಇರುತ್ತದೆ. ಅದಕ್ಕಾಗಿ ಕಳೆದ ಶ್ರಾವಣದಲ್ಲಿ ನಾನೊಂದು ಪಣ ತೊಟ್ಟೆ. ದಿನಕ್ಕೆ ಅರ್ಧ ಗಂಟೆ ಯೋಗ, ಐದು ವಚನಗಳ ಓದು. ಹೀಗೆ 30 ದಿನ. ಅದರ ಅನುಭವವನ್ನು ತಮ್ಮ ಮುಂದೆ ಇಡುತ್ತೇನೆ.

ಐದೇ ಏಕೆ ಎಂದು ಕೇಳಬಹುದು. ನಮ್ಮ ಸರಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿದೆ. ಅವುಗಳಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ಒಟ್ಟಿಗೆ ನೋಡಿದರೆ ಯಾರಿಗಾದರೂ ಧೈರ್ಯ ಸಾಲದು. ಬಸವಣ್ಣನವರ ವಚನಗಳಷ್ಟೇ ಸುಮಾರು 1,400. ದಿನಕ್ಕೆ ಐದರಂತೆ ಓದಿದರೆ ಹತ್ತು ತಿಂಗಳೊಳಗೆ ಅವು ಮುಗಿಯುತ್ತವೆ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ಮನೆ ಮಾರಿ ಮುದ್ರಣಾಲಯ ಹಾಕಿದರು. ಪುಸ್ತಕಕ್ಕೆ ವಿಭೂತಿ ಹಚ್ಚಿ ಕಪಾಟಿನಲ್ಲಿಟ್ಟರೆ ಅವರ ಋಣ ತೀರೀತೆ?

ಇನ್ನು ಯೋಗ. ನಮ್ಮ ಓಣಿಯ ಆಯಿಯೊಬ್ಬರು ಕೇಳಿದರು: "ಮುಂಜಾನಿಂದ ಸಂಜಿತನಕ ತೊಗರ್‍ಯಾಗ ಕಳಿ ತೆಗೀತೀವಿ. ನಮಗ್ಯಾತರ ಯೋಗ ಮಾಸ್ತರ್ರೇ?" ಕೇಳಬೇಕಾದ ಪ್ರಶ್ನೆಯೇ. ಕಳೆ ತೆಗೆಯುವಾಗ ಬೆನ್ನು ಇಡೀ ದಿನ ಮುಂದಕ್ಕೇ ಬಾಗಿರುತ್ತದೆ. ಭುಜಂಗಾಸನದಲ್ಲಿ ಅದೇ ಬೆನ್ನು ಹಿಂದಕ್ಕೆ ಬಾಗುತ್ತದೆ, ತಾಡಾಸನದಲ್ಲಿ ನೆಟ್ಟಗಾಗುತ್ತದೆ. ಇದನ್ನು ಹೇಳಿದ ಮೂರನೆಯ ದಿನ ಆಯಿ ತಾವೇ ಚಾಪೆ ಹಿಡಿದು ಬಂದರು. ಮಂಡಿ ನೋವಿದ್ದವರು, ಬಸುರಿಯರು, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳಿಯೇ ಮಾಡಬೇಕು.

ನನ್ನ ಅರ್ಧ ಗಂಟೆಯಲ್ಲಿ 15 ನಿಮಿಷ ಆಸನ, 5 ನಿಮಿಷ ಉಸಿರಾಟ, ಉಳಿದ 10 ನಿಮಿಷ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ದೃಷ್ಟಿ ನಿಲ್ಲಿಸುವುದು. ಈ ಕೊನೆಯ ಹತ್ತು ನಿಮಿಷಗಳನ್ನು ಬಿಡಬಾರದು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಗೋರಕ್ಷನ ಕಥೆ ಇದೆ. ಆತನ ದೇಹ ವಜ್ರದಂತೆ ಗಟ್ಟಿ. ಕತ್ತಿಯಿಂದ ಹೊಡೆದರೆ ಖಣಿಲೆಂದಿತು. ಅಲ್ಲಮಪ್ರಭುಗಳಿಗೆ ಹೊಡೆದಾಗ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಮೈ ಗಟ್ಟಿಯಾಗಬೇಕು ನಿಜ, ಆದರೆ 'ನಾನು' ಎಂಬುದೂ ಅದರ ಜೊತೆಗೇ ಗಟ್ಟಿಯಾದರೆ ಶಿವಯೋಗ ಎಲ್ಲಿ ಉಳಿಯಿತು?

ಇದೂ ಒಂದು ವ್ರತವಲ್ಲವೆ ಎಂದು ಯುವಕರೊಬ್ಬರು ಕೇಳಿದರು. ವ್ರತ ಎಂಬುದರ ನಿಜವಾದ ಅರ್ಥವೇನೆಂದು ಶರಣೆ ಅಕ್ಕಮ್ಮನವರು ತಮ್ಮ ವಚನಗಳುದ್ದಕ್ಕೂ ವಿಚಾರ ಮಾಡಿದ್ದಾರೆ. ಪ್ರಶ್ನೆ ಹಳೆಯದು. ಅದಕ್ಕಾಗಿಯೇ ಮೊದಲ ದಿನವೇ ಮೂರು ನಿಯಮ ಮಾಡಿಕೊಂಡಿದ್ದೆ. ದಿನಗಳ ಲೆಕ್ಕವನ್ನು ಯಾರಿಗೂ ತೋರಿಸಬಾರದು. ಜ್ವರ ಬಂದೋ ಊರಿಗೆ ಹೋಗಿಯೋ ಒಂದು ದಿನ ತಪ್ಪಿದರೆ ಪ್ರಾಯಶ್ಚಿತ್ತವಿಲ್ಲ. ಮರುದಿನ ಮತ್ತೆ ಐದೇ ವಚನ. ಇದಕ್ಕಾಗಿ ಕಾಯಕ ನಿಲ್ಲಬಾರದು.

ನಾಲ್ಕನೆಯದನ್ನು ಮನೆಯೇ ಕಲಿಸಿತು: ಗಟ್ಟಿಯಾಗಿ ಓದಬೇಕು. ನಮ್ಮದು ಗಡಿಯ ಊರು. ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ನಮ್ಮ ಮನೆಯವರ ತವರು ತಾಂಡೂರು ಕಡೆ. ಕಲಿತದ್ದು ತೆಲುಗು ಶಾಲೆಯಲ್ಲಿ. ಎಷ್ಟೋ ಶ್ರಾವಣ ಪ್ರವಚನ ಕೇಳಿದ್ದಾರೆ, ಒಂದು ವಚನವನ್ನೂ ತಾವಾಗಿ ಓದಿರಲಿಲ್ಲ. ಮೊದಲ ವಾರ ಕೇಳುತ್ತ ಕೂತರು. ಎರಡನೆಯ ವಾರ ಪುಸ್ತಕ ಎಳೆದುಕೊಂಡು, "ಈ ಅಕ್ಷರ ನಮ್ಮವರಂಗೇ ಅವ" ಎಂದರು. ಇಪ್ಪತ್ತನೆಯ ದಿನ ಐದನೆಯ ವಚನವನ್ನು ಬೆರಳಿಟ್ಟು, ತಡೆತಡೆದು, ಅವರೇ ಓದಿದರು.

ಬಸವಣ್ಣನವರ ಚರಿತ್ರೆಯನ್ನು ಪಾಲ್ಕುರಿಕೆ ಸೋಮನಾಥರು ತೆಲುಗಿನಲ್ಲಿ ಬರೆದರು. ಭೀಮಕವಿಗಳು 1369ರಲ್ಲಿ ಅದನ್ನು ಕನ್ನಡಕ್ಕೆ ತಂದರು. ಅಂದು ಬಸವಣ್ಣನವರಿಗೆ ಈ ಗಡಿ ಅಡ್ಡ ಬರಲಿಲ್ಲ. 30ಕ್ಕೂ ಹೆಚ್ಚು ಶರಣೆಯರು ವಚನ ಬರೆದ ಪರಂಪರೆ ನಮ್ಮದು. ಅವರ ಹೆಸರು ಹೇಳಿ ಭಾಷಣ ಮಾಡುವ ನಮ್ಮ ಮನೆಗಳಲ್ಲೇ ತಾಯಂದಿರು ಪುಸ್ತಕ ಮುಟ್ಟದೆ ಉಳಿದರೆ, ನಾವು ಸಮಾನತೆಯ ಮಾತಾಡಿ ಏನು ಬಂತು?

ಮೂವತ್ತನೆಯ ದಿನ ಓದು ಮುಗಿಸಿದಾಗ ಅವರು, "ನಾಳೆ ಎಲ್ಲಿಂದ?" ಎಂದು ಕೇಳಿದರು. ಪಣದ ಅವಧಿ ಮುಗಿದಿತ್ತು, ರೂಢಿ ಉಳಿದಿತ್ತು.

ಶರಣ ಬಂಧುಗಳೆ, ಮುಂದಿನ ಶ್ರಾವಣಕ್ಕಾಗಿ ಕಾಯಬೇಡಿ. ನಾಳೆ ಬೆಳಿಗ್ಗೆ ಒಂದು ಚಾಪೆ, ಒಂದು ಪುಸ್ತಕ ಸಾಕು. ಓದಲು ಬಾರದವರೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಒಂದು ತಿಂಗಳಾದ ಮೇಲೆ ಈ ಗೋಷ್ಠಿಯಲ್ಲಿ ವಚನ ಓದುವವರು ಅವರೇ ಆಗಲಿ.