ಮರೆವಿನ ರೋಗಿಗೆ ಹಾಡಿನ ಆಸರೆ



ರೋಗಿಗಳಿಗೆ ಸಂಗೀತಯಂತ್ರಗಳಿಂದಾಗತಕ್ಕ ಉಪಕಾರವನ್ನು ಕುರಿತು ಎರಡು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವು ವಿಸ್ತಾರವಾದುದು, ಅದರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವೆನು. ಮುಪ್ಪಿನಲ್ಲಿ ಬರುವ ಮರೆವಿನ ರೋಗವನ್ನು ತಾವೆಲ್ಲರೂ ಬಲ್ಲಿರಿ. ವೈದ್ಯರು ಅದನ್ನು ಡಿಮೆನ್ಶಿಯ ಎನ್ನುವರು. ಹೆತ್ತ ಮಗನನ್ನೇ "ನೀವು ಯಾರು?" ಎಂದು ಕೇಳುವ ತಾಯಿ, ತನ್ನ ಮನೆಯಲ್ಲಿಯೇ ಕುಳಿತು "ಮನೆಗೆ ಹೋಗೋಣ" ಎಂದು ಹಟಹಿಡಿಯುವ ತಂದೆ, ಇಂಥವರು ಅನೇಕ ಮನೆಗಳಲ್ಲಿರುವರು. ಇವರ ಕಳವಳವನ್ನಡಗಿಸಲು ಕೊಡುವ ಕೆಲವು ಮನೋರೋಗದ ಮದ್ದುಗಳಿಂದ ಮರಣದ ಅಪಾಯವು ಹೆಚ್ಚುವುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2005ರಲ್ಲಿಯೇ ಎಚ್ಚರಿಸಿತು. ಆದುದರಿಂದ ಮದ್ದಿಲ್ಲದ ಉಪಾಯಗಳ ಕಡೆಗೆ ಜನರ ದೃಷ್ಟಿ ಹರಿದುದು ಸಹಜವೇ.

2006ರಲ್ಲಿ ನ್ಯೂಯಾರ್ಕಿನ ಡ್ಯಾನ್ ಕೋಹೆನ್ ಎಂಬ ಸಮಾಜಸೇವಕರಿಗೆ ಒಂದು ಯೋಚನೆ ಹೊಳೆಯಿತು. ತಾವು ಮುಂದೆ ವೃದ್ಧಾಶ್ರಮವನ್ನು ಸೇರಿದರೆ, ಯೌವನದಲ್ಲಿ ಮೆಚ್ಚಿದ ಹಾಡುಗಳನ್ನು ಕೇಳಲು ಸಿಕ್ಕೀತೆ? ಅವರು ವೃದ್ಧಾಶ್ರಮವೊಂದಕ್ಕೆ ಅಂಗೈಯಲ್ಲಿ ಹಿಡಿಸುವ ಐಪಾಡ್ ಯಂತ್ರಗಳನ್ನು ಕೊಂಡೊಯ್ದು, ಒಬ್ಬೊಬ್ಬರಿಗೂ ಅವರವರ ಮೆಚ್ಚಿನ ಹಾಡುಗಳನ್ನೇ ತುಂಬಿಕೊಟ್ಟರು. ತಲೆ ತಗ್ಗಿಸಿ ಕುಳಿತಿರುತ್ತಿದ್ದ ವೃದ್ಧರೊಬ್ಬರು ಹಾಡು ಕಿವಿಗೆ ಬಿದ್ದೊಡನೆ ಕಣ್ಣರಳಿಸಿದುದನ್ನೂ, ಹಾಡು ನಿಂತ ಮೇಲೂ ತಮ್ಮ ಪ್ರಿಯ ಗಾಯಕ ಕ್ಯಾಬ್ ಕ್ಯಾಲೋವೆಯ ವಿಚಾರವಾಗಿ ಉತ್ಸಾಹದಿಂದ ಮಾತನಾಡಿದುದನ್ನೂ 2014ರ 'ಅಲೈವ್ ಇನ್‌ಸೈಡ್' ಚಲಚ್ಚಿತ್ರದಲ್ಲಿ ಕಾಣಬಹುದು. ಸ್ಕಾಟ್ಲೆಂಡಿನ ಪತ್ರಕರ್ತೆ ಸ್ಯಾಲಿ ಮ್ಯಾಗ್ನಸನ್ನರು, ಇದೇ ರೋಗದಿಂದ ನರಳಿದ ತಮ್ಮ ತಾಯಿಗೆ ಹಾಡುಗಳಿಂದಾದ ಸಮಾಧಾನವನ್ನು ಕಂಡು, 2013ರಲ್ಲಿ 'ಪ್ಲೇಲಿಸ್ಟ್ ಫಾರ್ ಲೈಫ್' ಎಂಬ ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಬಹುಕಾಲದಿಂದ ಬಲ್ಲ ಸಂಗೀತದ ನೆನಪಿಗೆ ಆಧಾರವಾದ ಮೆದುಳಿನ ಭಾಗಗಳು ಅಲ್ಝೈಮರ್ ರೋಗದಲ್ಲಿ ಇತರ ಭಾಗಗಳಷ್ಟು ಬೇಗ ಸವೆಯುವುದಿಲ್ಲವೆಂದು ಜರ್ಮನಿಯ ಲೈಪ್‌ಜಿಗ್ ನಗರದ ಸಂಶೋಧಕರು 2015ರಲ್ಲಿ ತೋರಿಸಿದರು.

ಹೀಗೆಂದು ಒಂದು ಚಿತ್ರವನ್ನು ನೋಡಿ ಹಿಗ್ಗಿಬಿಡತಕ್ಕದ್ದಲ್ಲ. ಮುಂದೆ ಅಮೆರಿಕದ 54 ಶುಶ್ರೂಷಾಗೃಹಗಳಲ್ಲಿ ಈ ವಿಧಾನವನ್ನು ಪರೀಕ್ಷಿಸಿದಾಗ, ರೋಗಿಗಳ ಕಳವಳದಲ್ಲಿ ಗಣನೀಯವಾದ ಇಳಿತವು ಕಾಣಲಿಲ್ಲ. ನನ್ನ ಎಣಿಕೆಯಲ್ಲಿ ಕಷ್ಟವಿರುವುದು ಯಂತ್ರದಲ್ಲಲ್ಲ, ಹಾಡನ್ನಾರಿಸುವುದರಲ್ಲಿ. ತನಗೇನು ಪ್ರಿಯವೆಂಬುದನ್ನು ರೋಗಿಯು ಹೇಳಲಾರನು. ಹತ್ತಾರು ಜನರನ್ನು ನೋಡಿಕೊಳ್ಳುವ ದಾದಿಗೆ ಅದನ್ನು ಹುಡುಕುವಷ್ಟು ವೇಳೆಯೆಲ್ಲಿಯದು? ಅದನ್ನು ಬಲ್ಲವರು ಮನೆಯವರು.

ಅವರೂ ಎಚ್ಚರವಾಗಿರಬೇಕು. ತಾಯಿ ದೈವಭಕ್ತೆಯೆಂದು ದಿನವಿಡೀ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವನ್ನೇ ಕೇಳಿಸಿದರಾಯಿತೆಂದು ಭಾವಿಸಬಾರದು. ಹದಿನೆಂಟರ ಹರೆಯದಲ್ಲಿ ಆಕೆಯ ಮನಸ್ಸನ್ನು ಸೆಳೆದುದು ಪಿ. ಬಿ. ಶ್ರೀನಿವಾಸರ ಚಿತ್ರಗೀತೆಯೋ ಏನೋ! ಮಠದ ಸಭೆಯಲ್ಲಿ ಹೀಗೆನ್ನುವುದಕ್ಕೆ ಕ್ಷಮೆಯಿರಲಿ. ರೋಗಿಯ ಕಿವಿಗೆ ಬೇಕಾದುದು ಅವಳ ಹಾಡು, ನಮ್ಮದಲ್ಲ. ಬೀಸುವ ಪದಗಳಂಥವು ಎಷ್ಟೋ ಯಾವ ಅಂಗಡಿಯಲ್ಲಿಯೂ ದೊರೆಯವು. ಅವುಗಳನ್ನು ಬಲ್ಲ ಸೋದರತ್ತೆಯೋ ನೆರೆಯಜ್ಜಿಯೋ ಬದುಕಿರುವಾಗಲೇ ಹಾಡಿಸಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿರಿ. ಇದು ಈ ವರ್ಷವೇ ಆಗಬೇಕಾದ ಕೆಲಸ.

ಸಂಜೆಯ ಹೊತ್ತಿಗೆ ಕಳವಳವು ಹೆಚ್ಚುವುದಾದರೆ, ಅದಕ್ಕೆ ಅರ್ಧ ಗಂಟೆ ಮುಂಚಿತವಾಗಿಯೇ ಹಾಡು ಕೇಳಿಸುವುದು ಲೇಸೆಂದು ಅಮೆರಿಕದ ಲಿಂಡಾ ಗರ್ಡ್ನರ್ ಎಂಬ ಶುಶ್ರೂಷಾತಜ್ಞೆಯು ಸೂಚಿಸಿರುವರು. ಧ್ವನಿ ಮೆಲ್ಲಗಿರಲಿ. ನಡುವೆ ಜಾಹೀರಾತು ಕೂಗಿಕೊಂಡರೆ ರೋಗಿಯು ಬೆಚ್ಚುವನು. ಆದಕಾರಣ ಹಾಡನ್ನು ಮೊದಲೇ ಯಂತ್ರದಲ್ಲಿ ಇಳಿಸಿಟ್ಟಿರಬೇಕು. ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಎದ್ದುಹೋಗದೆ ಹತ್ತಿರ ಕುಳಿತು ಮುಖವನ್ನು ನೋಡುತ್ತಿರಿ. ಹಾಡೊಂದು ಹಳೆಯ ಶೋಕವನ್ನು ಕೆದಕಿ ಅಳಿಸುವುದೂ ಉಂಟು. ಆಗ ಅದನ್ನು ನಿಲ್ಲಿಸಿ, ಕೈಹಿಡಿದು ಸಂತೈಸಿ, ಮರುದಿನ ಬೇರೊಂದನ್ನು ಕೇಳಿಸಿರಿ.