ಅನಾಮತ್ತಿನ ಹಣದ ಹೊಣೆ



ಸಂಘದ ವಾರ್ಷಿಕೋತ್ಸವದಲ್ಲಿ ಭಾಷೆ, ಸಾಹಿತ್ಯಗಳ ಮಾತೇ ಸಹಜವಾದುದು. ಆದರೂ ನಾವು ಇಂದು ಮನೆಬಾಡಿಗೆಯ ಅನಾಮತ್ತಿನ ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ಅದೂ ಕೊನೆಗೆ ಭಾಷೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಉಮರ್ಗಾ, ನಿಲಂಗಾ, ಉದಗೀರಗಳ ನಮ್ಮ ಎಷ್ಟೋ ಕುಟುಂಬಗಳು ಉದ್ಯೋಗಾರ್ಥವಾಗಿ ಲಾತೂರು, ಸೊಲ್ಲಾಪುರ, ಪುಣೆಗಳಿಗೆ ಹೋಗಿವೆ. ಊರಿನ ಮನೆಯನ್ನು ದಲಾಲನಿಗೆ ಒಪ್ಪಿಸಿದರೆ, ಆತನು ಬಾಡಿಗೆದಾರನನ್ನು ತರುತ್ತಾನೆ. ಅನಾಮತ್ತನ್ನು ತನ್ನಲ್ಲಿಯೇ ಇಟ್ಟುಕೊಳ್ಳುತ್ತಾನೆ. ಒಂದು ದಿನ ಆತನ ಅಂಗಡಿಗೆ ಬೀಗ ಬೀಳುತ್ತದೆ. ಬಾಡಿಗೆದಾರನು ಮನೆ ಬಿಡುವಾಗ ಹಣ ಕೇಳಿದರೆ, “ದಲಾಲನನ್ನೇ ಕೇಳಿರಿ” ಎಂದುಬಿಡುತ್ತೇವೆ.

ಈ ಉತ್ತರಕ್ಕೆ ನ್ಯಾಯದ ಬೆಂಬಲವೂ ಇಲ್ಲ, ಕಾಯಿದೆಯ ಬೆಂಬಲವೂ ಇಲ್ಲ. 1872ರ ಕರಾರು ಕಾಯಿದೆಯ 226ನೆಯ ಕಲಮಿನಂತೆ, ನಾವು ಅಧಿಕಾರ ಕೊಟ್ಟವನು ಮಾಡಿದ ಕರಾರು ನಾವೇ ಮಾಡಿದಂತೆ. ಅನಾಮತ್ತು ಪಡೆಯುವ ಅಧಿಕಾರವನ್ನು ದಲಾಲನಿಗೆ ಕೊಟ್ಟಿದ್ದರೆ, ಅದನ್ನು ಮರಳಿಸುವ ಹೊಣೆಯೂ ನಮ್ಮದೇ. ಆತನು ನುಂಗಿದುದು ನಮ್ಮ ಹಣ, ಬಾಡಿಗೆದಾರನದಲ್ಲ.

ಹಾಗೆಂದು ನಮಗೆ ದಾರಿಯಿಲ್ಲವೆಂದಲ್ಲ. ಅದೇ ಕಾಯಿದೆಯ 213ನೆಯ ಕಲಮು, ಕೇಳಿದಾಗ ಲೆಕ್ಕ ಒಪ್ಪಿಸೆಂದು ಆತನನ್ನು ಕಟ್ಟುತ್ತದೆ. 218ನೆಯದು, ನಮ್ಮ ಪರವಾಗಿ ಪಡೆದ ಹಣದಲ್ಲಿ ತನಗೆ ಸಲ್ಲತಕ್ಕುದನ್ನು ಕಳೆದು ಉಳಿದುದನ್ನು ಕೊಡೆಂದು ವಿಧಿಸುತ್ತದೆ. ಅಂಗಡಿ ಮುಚ್ಚಿದ ಮಾತ್ರಕ್ಕೆ ಬಾಕಿ ಮುಚ್ಚುವುದಿಲ್ಲ. ಒಬ್ಬನ ಅಂಗಡಿಯಾದರೆ ಆತನೇ ಹೊಣೆಗಾರ, ಪಾಲುದಾರಿಕೆಯಾದರೆ ಪಾಲುದಾರರೆಲ್ಲರೂ. ಮೊದಲು ಲೆಕ್ಕ ಕೇಳಿ ಲಿಖಿತ ನೋಟೀಸು ಕಳುಹಿ, ಅಂಚೆಯ ಪಾವತಿಯನ್ನು ಜೋಪಾನವಾಗಿಡಬೇಕು. ಕೊಡದಿದ್ದರೆ ದಾವೆ ಹೂಡಬೇಕು. ದಲಾಲಿ ಸಂಬಂಧ ನಡೆಯುತ್ತಿರುವಾಗ ಲೆಕ್ಕ ಕೇಳಿ ನಿರಾಕರಿಸಲ್ಪಟ್ಟ ದಿನದಿಂದ, ಕೇಳಿರದಿದ್ದರೆ ಆ ಸಂಬಂಧ ಮುಗಿದ ದಿನದಿಂದ, 1963ರ ಮುದ್ದತಿನ ಕಾಯಿದೆ 3 ವರ್ಷಗಳ ಅವಧಿ ಕೊಡುತ್ತದೆ. ನ್ಯಾಯಾಲಯವು ಆತನನ್ನು ದಿವಾಳಿಯೆಂದು ಸಾರಿದ್ದರೆ, ನಮ್ಮ ಬಾಕಿಯನ್ನು ಅಲ್ಲಿಯೇ ದಾಖಲು ಮಾಡಿಸಬೇಕು.

ಇನ್ನು ಕಾಗದದ ಮಾತು. ಮರಾಠವಾಡೆಯಲ್ಲಿ ಉಳಿದುಬಂದಿದ್ದ ಹೈದರಾಬಾದಿನ 1954ರ ಬಾಡಿಗೆ ಕಾಯಿದೆಯು ಹೋಗಿ, 2000ದ ಮಾರ್ಚ್ 31ರಿಂದ ಮಹಾರಾಷ್ಟ್ರದ 1999ರ ಕಾಯಿದೆ ಜಾರಿಗೆ ಬಂದಿತು. ಅದರ 55ನೆಯ ಕಲಮಿನಂತೆ ಬಾಡಿಗೆಯ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ಆ ಹೊಣೆ ಮನೆಯೊಡೆಯನದು. ಇಲ್ಲವಾದರೆ, ಸುಳ್ಳೆಂದು ಸಿದ್ಧವಾಗುವವರೆಗೆ ಷರತ್ತುಗಳ ಬಗೆಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ.

ನಮ್ಮ ಕಷ್ಟವಿರುವುದು ಇಲ್ಲಿಯೇ. ನಿಜಾಮರ ಕಾಲದಲ್ಲಿ ಸರಕಾರದ ಭಾಷೆ ಉರ್ದು. 1956ರಲ್ಲಿ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯಿಂದ ಅಗಲಿದ ಮೇಲೆ ದಸ್ತಾವೇಜುಗಳು ಮರಾಠಿಯವಾದವು. ಮರಾಠಿಯೊಡನೆ ನಮಗೆ ಜಗಳವಿಲ್ಲ. ಅದು ನೆರೆಮನೆಯ ನುಡಿ. ಆದರೆ ಮನೆಯಲ್ಲಿ ಕನ್ನಡವನ್ನಷ್ಟೇ ಬಲ್ಲ ಹಿರಿಯರು, ಓದಲಾಗದ ಕಾಗದಕ್ಕೆ ದಲಾಲನನ್ನು ನಂಬಿ ಹೆಬ್ಬೆಟ್ಟೊತ್ತಬಾರದು. ಅನಾಮತ್ತು ಎಷ್ಟು, ಯಾರ ಕೈಯಲ್ಲಿದೆ, ಯಾವಾಗ ಮರಳಬೇಕು ಎಂಬ ಮೂರು ಮಾತುಗಳನ್ನು ಕನ್ನಡದಲ್ಲಿ ಕೇಳಿ ತಿಳಿದ ಮೇಲೆಯೇ ಸಹಿ ಮಾಡಬೇಕು. ಹಣ ನೇರವಾಗಿ ಒಡೆಯನ ಬ್ಯಾಂಕಿನ ಖಾತೆಗೇ ಬರಬೇಕು.

ಆದುದರಿಂದ ನಮ್ಮ ಸಂಘವು ವಾರಕ್ಕೊಂದು ಸಂಜೆಯನ್ನು ಇಂಥ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳುವುದಕ್ಕಾಗಿ ಮೀಸಲಿಡಲೆಂದು ನಮ್ಮ ವಿನಂತಿ. ನಮ್ಮ ಮನೆಯಲ್ಲಿದ್ದು ಹೋಗುವವನು ಕನ್ನಡಿಗನಾಗಲಿ, ಮರಾಠಿಗನಾಗಲಿ, “ನನ್ನ ಹಣ ನನಗೆ ಬಂತು” ಎಂದು ಹೇಳಿ ಹೊಸ್ತಿಲು ದಾಟಲಿ.